ದಿಲ್ಮುರೋದ್ ಕಚ್ಚಿದ ರೊಟ್ಟಿ

ಮವ್ಲುದಾಳ ಮನೆಯಲ್ಲಿ ರೊಟ್ಟಿ ಕಾಯಲು ಯಾರೂ ಇರಲಿಲ್ಲ. ಅತ್ತೆ ಇದ್ದಿದ್ದರೆ ಈ ತಾಪತ್ರಯ ಬರುತ್ತಿರಲಿಲ್ಲ. ಅವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಗ ದಿಲ್ಮುರೋದ್ ಸೈನ್ಯಕ್ಕೆ ಹೊರಟ ದಿನ ಆ ರೊಟ್ಟಿಯನ್ನು ಒಂದೇ ಸಲ ಕಚ್ಚಿ ಅವಳ ಕೈಗೆ ಕೊಟ್ಟಿದ್ದ. ಅವರ ಕಡೆಯ ವಾಡಿಕೆ ಅದು: ಉಳಿದದ್ದನ್ನು ಅವನೇ ಬಂದು ತಿನ್ನಬೇಕು. ಅಲ್ಲಿಯವರೆಗೆ ಅದು ಅಡುಗೆಮನೆಯ ಮೊಳೆಗೆ ನೇತಾಡಬೇಕು. ಎಂಟು ತಿಂಗಳು ನೇತಾಡಿತು. ಈಗ ಗಂಡ, ಮಗಳು, ಅವಳು ಮೂವರೂ ಮನೆಗೆ ಬೀಗ ಹಾಕಿ ಬುಖಾರಾ ನೋಡಲು ಹೊರಟಾಗ, ಇಲಿಗಳ ಪಾಲಿಗೆ ಬಿಡಲಾರದೆ ಅವಳು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು. ತಮ್ಮೂರು ಮರ್ಗಿಲಾನಿನಿಂದ ಬುಖಾರಾದವರೆಗೂ ತೊಡೆಯಿಂದ ಇಳಿಸಲಿಲ್ಲ.

“ಅದಕ್ಕೂ ಒಂದು ಟಿಕೆಟ್ ತಗೋಬೇಕಿತ್ತು,” ಎಂದ ಗಂಡ ಸೋಬಿರ್. “ಹೆಂಚಿನ ಥರ ಆಗಿದೆ. ನಿನ್ ಮಗ ಕಚ್ಚಿದ್ರೆ ಹಲ್ಲೇ ಉದುರುತ್ತೆ.”

“ಹಲ್ಲುದುರಿದ್ರೂ ಪರವಾಗಿಲ್ಲ, ಬಂದ್ರೆ ಸಾಕು. ನೀವು ಸುಮ್ನಿರಿ.”

ಹಳೇ ಊರಿನ ನಡುವೆ, ಕೊಳದ ಹಿಂದೆ, ಯಾವುದೋ ಕಾಲದ ರೇಷ್ಮೆ ವ್ಯಾಪಾರಿಯ ಮನೆ ಈಗ ಹೋಟೆಲ್. ಗೋಡೆಯ ತುಂಬ ಗಾರೆಯ ಹೂಬಳ್ಳಿ, ಮೊಳೆ ಹೊಡೆಯುವಂತಿಲ್ಲ. ಮವ್ಲುದಾ ರೊಟ್ಟಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಗಳು ಓಯ್ದಿನ್ ಅರ್ಧ ತಿಂದ ಹಲ್ವಾವನ್ನು ಅದರ ಪಕ್ಕಕ್ಕೇ ತಳ್ಳಿದಳು.

ಮರುದಿನ ಬೆಳಗ್ಗೆ ಮಿನಾರು ನೋಡಿದರು. ಕೋಟೆಗೆ ಹೋಗುವ ಮುಂಚೆ ಓಯ್ದಿನ್ ಮರೆತ ಟೋಪಿ ತರಲು ಕೋಣೆಗೆ ಬಂದರು. ಗೂಡನ್ನು ಒರೆಸಿ ಚೊಕ್ಕಟ ಮಾಡಲಾಗಿತ್ತು. ಹಲ್ವಾ ಇರಲಿಲ್ಲ. ರೊಟ್ಟಿಯೂ ಇರಲಿಲ್ಲ.

ಮವ್ಲುದಾ ಕಿರುಚಲಿಲ್ಲ. ಮಂಚದ ಅಂಚಿಗೆ ಕೂತು, “ಅವನಿಗೇನೋ ಆಗುತ್ತೆ,” ಎಂದಳು.

“ಏನೂ ಆಗಲ್ಲ, ಹುಚ್ಚಿ,” ಎಂದ ಸೋಬಿರ್. ಆದರೆ ಮೊದಲು ಮೆಟ್ಟಿಲಿಳಿದು ಓಡಿದವನು ಅವನೇ.

ಕೌಂಟರಿನ ಹೆಂಗಸು ಹೇಳಿದಳು: “ಕೋಣೆ ಗುಡಿಸೋದು ಖೋಸಿಯತ್ ಓಪಾ, ನಮಗೆಲ್ಲ ದೊಡ್ಡಕ್ಕ ಇದ್ದ ಹಾಗೆ. ಎಲ್ಲಿದ್ದಾರೋ ಗೊತ್ತಿಲ್ಲ. ಉಳಿದ ರೊಟ್ಟಿನೆಲ್ಲ ಹಿತ್ತಲಲ್ಲಿ ಚೀಲಕ್ಕೆ ಹಾಕ್ತೀವಿ, ಹಸು ಸಾಕೋರು ಒಯ್ತಾರೆ. ಈಗಷ್ಟೇ ಬಂದಿದ್ದಾರೆ ನೋಡಿ.”

ಹಿತ್ತಲಲ್ಲಿ ಒಬ್ಬ ಮುದುಕ ಚೀಲವನ್ನು ಗಾಡಿಗೆ ಎತ್ತುತ್ತಿದ್ದ. ಸೋಬಿರ್ ಅದನ್ನು ಕಸಿದು, ಹೆಂಡತಿ ಹಾಸಿದ ಶಾಲಿನ ಮೇಲೆ ಸುರಿದ. ಊರೂರಿನ ಪ್ರವಾಸಿಗಳು ಬಿಟ್ಟ ಚೂರುಗಳ ರಾಶಿ. ಮೂವರೂ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡತೊಡಗಿದರು.

“ಅಲ್ಲಯ್ಯಾ, ಉಂಗುರ ಬಿದ್ದಿದೆಯಾ?” ಎಂದ ಮುದುಕ.

“ರೊಟ್ಟಿ, ತಾತ. ಹುಡುಗ ಕಚ್ಚಿದ್ದು. ಸೈನ್ಯದಲ್ಲಿದ್ದಾನೆ,” ಎಂದ ಸೋಬಿರ್.

ಮುದುಕ ಗಾಡಿ ಬಿಟ್ಟು ಬಂದು ತಾನೂ ಹುಡುಕಲು ಕೂತ. ರಾಶಿ ಮುಗಿಯಿತು. ಕಚ್ಚಿದ ರೊಟ್ಟಿಗಳು ಬೇಕಾದಷ್ಟಿದ್ದವು, ದಿಲ್ಮುರೋದನ ಓರೆ ಮುಂಬಲ್ಲಿನ ಗುರುತು ಯಾವುದರಲ್ಲೂ ಇರಲಿಲ್ಲ. ಸೋಬಿರ್ ಎರಡನೇ ಸಲ ಮೊದಲಿನಿಂದ ಶುರುಮಾಡಿದ.

“ಯಾರ್ರೀ ಅದು, ಹಿತ್ತಲಲ್ಲಿ ರೊಟ್ಟಿ ಹರವಿಕೊಂಡು ಕೂತಿರೋದು!” ಮಾಳಿಗೆಯಿಂದ ಒಬ್ಬ ದಪ್ಪ ಹೆಂಗಸು ಬಗ್ಗಿ ಗದರಿದಳು. ಕಂಕುಳಲ್ಲಿ ಒಗೆದ ಹಾಸಿಗೆ ಬಟ್ಟೆ. “ಏನು ಹುಡುಕ್ತಿದೀರಿ?”

“ಏಳನೇ ಕೋಣೆ ರೊಟ್ಟಿ, ಓಪಾ,” ಎಂದಳು ಮವ್ಲುದಾ.

“ಬಟ್ಟೇಲಿ ಸುತ್ತಿದ್ದಾ? ಅದನ್ನ ಚೀಲಕ್ಕೆ ಹಾಕ್ತೀನಾ ನಾನು? ನಮ್ಮನೇಲೂ ಒಂದು ನೇತಾಡ್ತಿದೆ, ಮೂರು ವರ್ಷ ಆಯ್ತು, ನನ್ ಮಗ ರಷ್ಯಾದಿಂದ ಬರ್ಬೇಕು. ಗೂಡಿನ ತುಂಬ ಇರುವೆ ಕಣಮ್ಮಾ! ಅದರ ಪಕ್ಕ ಹಲ್ವಾ ಇಟ್ಟ ಜಾಣರು ಯಾರು?”

ಓಯ್ದಿನ್ ನೆಲ ನೋಡಿದಳು.

“ಬಟ್ಟೆ ಒಗೆದು ಹಾಕಿದೀನಿ. ರೊಟ್ಟಿ ಇಲ್ಲೇ ತೊಲೆಗೆ ಕಟ್ಟಿದೀನಿ, ಬಿಸಿಲಿಗೆ. ಬನ್ನಿ ಮೇಲೆ.”

ಮವ್ಲುದಾ ಎದ್ದಳು, ಕಾಲು ಜೋಮು ಹಿಡಿದಿತ್ತು, ಮತ್ತೆ ಕೂತಳು. ಕೂತವಳಿಗೆ ನಗು ಬಂತು, ನಿಲ್ಲಲೇ ಇಲ್ಲ. ಸೋಬಿರ್ ಮೂರು ಮೂರು ಮೆಟ್ಟಿಲು ಹಾರಿ ಹೋಗಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ.

“ಹೆಂಚು ಸಿಕ್ತಾ?” ಎಂದಳು ಅವಳು.

“ಬಾಯ್ಮುಚ್ಚು,” ಎಂದು ಅವನು ಅದನ್ನು ಹಣೆಗೊತ್ತಿಕೊಂಡು ಕೊಟ್ಟ.

ಅವಳು ತಿರುಗಿಸಿ ನೋಡಿದಳು. ಓರೆ ಹಲ್ಲಿನ ಗುರುತು ಇದ್ದ ಹಾಗೇ ಇತ್ತು. ಹೋದದ್ದು ಇಷ್ಟೇ: ಗುಬ್ಬಿ ಕುಕ್ಕಿದ ಉಗುರಗಲದ ಒಂದು ಚೂರು, ಅದರ ಮೇಲಿದ್ದ ನಾಲ್ಕೈದು ಎಳ್ಳು, ಕೋಟೆ ನೋಡಬೇಕಿದ್ದ ಒಂದು ಬೆಳಗ್ಗೆ.