ಛಾವಣಿಯ ಮೇಲಿನ ಹಿಮ ಯಾರದು?

ಕಳೆದ ಶುಕ್ರವಾರ ಗ್ರೆಸ್ಕೊ ಬೇಕರಿಯ ವ್ಯಾನಿನ ಛಾವಣಿಯಿಂದ ಮಂಜುಗಡ್ಡೆಯ ಚಪ್ಪಡಿಯೊಂದು ಹಾರಿ, ಹಿಂದೆ ಬರುತ್ತಿದ್ದ ಸ್ಟಾಸಿಯಾಳ ಕಾರಿನ ಮುಂಗಾಜು ಒಡೆಯಿತು. ಅವಳ ಹುಬ್ಬು ಹರಿಯಿತು. ವ್ಯಾನ್ ನಿಲ್ಲಲಿಲ್ಲ.

ಓಡಿಸುತ್ತಿದ್ದವಳು ಮಾರ್ಲೀನ್. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಈ ಶುಕ್ರವಾರ ಬೆಳಿಗ್ಗೆ ಎದುರುಮನೆಯ ಸ್ಟಾಸಿಯಾ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಬೇಕರಿ ಬಾಗಿಲಿಗೆ ಬಂದು ಹೇಳಿದಾಗಲೇ ತಿಳಿದದ್ದು.

"ನನ್ನ ವ್ಯಾನೇ ಅಂತ ಹೆಂಗೆ ಹೇಳ್ತೀಯ?"

"ಹಿಂಬಾಗಿಲ ಮೇಲೆ ಎಮ್ಮೆ ಗಾತ್ರದ ಬನ್ನು ಬರೆಸಿರೋ ವ್ಯಾನು ಪಿಟ್ಸ್‌ಬರ್ಗಲ್ಲಿ ಇನ್ನೆಷ್ಟಿದೆ ಕಣೇ?"

ಮಾರ್ಲೀನ್ ಮುಖ ಇಳಿದುಹೋಯಿತು. ಒಳಗಿಂದ ಅವಳ ತಮ್ಮ, ಬೇಕರಿಯ ಮಾಲೀಕ ರೇ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ. ಸಂಜೆ ಚರ್ಚಿನಲ್ಲಿ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ಶುಕ್ರವಾರದ ಊಟ. ಬನ್ನು ಅಲ್ಲಿಗೆ ಬೇಗ ತಲುಪಬೇಕು.

"ಆಕಾಶದಿಂದ ಬಿದ್ದಿದ್ದಕ್ಕೆ ನಾವೇನು ಮಾಡೋಣ ಸ್ಟಾಸಿಯಾ ಅವ್ರೇ?"

"ಆಕಾಶದಿಂದ ನಿನ್ನ ಛಾವಣಿಗೆ ಬಿತ್ತು. ನಿನ್ನ ಛಾವಣಿಯಿಂದ ನನ್ನ ಮುಖಕ್ಕೆ ಬಿತ್ತು. ಎರಡನೇದು ನಿಂದು ಕಣಪ್ಪ. ಹಿಮ ನಿಂತು ಒಂದು ದಿನ ಕಳೆಯೋದ್ರೊಳಗೆ ಛಾವಣಿ ಸಮೇತ ಗಾಡಿ ಚೊಕ್ಕ ಮಾಡ್ಬೇಕು, ಅದು ನಮ್ಮ ರಾಜ್ಯದ ಕಾನೂನು. ಕಾರಿಗೂ ಅದೇ, ಟ್ರಕ್ಕಿಗೂ ಅದೇ."

"ಒಂದು ದಿನ ಟೈಮಿದೆ ಅಂದ್ರಲ್ಲ. ಸಂಜೆ ನೋಡೋಣ ಬಿಡಿ."

"ಈಗ ನಿನ್ನ ಛಾವಣಿ ಮೇಲಿರೋ ಹಿಮ ಬಿದ್ದು ನಿಂತಿದ್ದು ಬುಧವಾರ."

ರೇ ಛಾವಣಿಯ ಕಡೆ ನೋಡಿ ಕೈಯ ಹಿಟ್ಟು ಕೊಡವಿದ.

"ದಂಡ ಯಾರಿಗೆ ಬೀಳುತ್ತೆ?" ಮಾರ್ಲೀನ್ ಮೆಲ್ಲಗೆ ಕೇಳಿದಳು.

"ಸ್ಟಿಯರಿಂಗ್ ಹಿಡಿದವರಿಗೆ. ಅವಸರ ಮಾಡಿಸಿದೋರು ಒಲೆ ಮುಂದೆ ಬೆಚ್ಚಗಿರ್ತಾರೆ."

ಬಾಗಿಲ ಪಕ್ಕದಲ್ಲಿ ಕೆಂಪು ಅಡುಗೆಮನೆ ಕುರ್ಚಿ ಇತ್ತು. ವ್ಯಾನ್ ಹೊರಟ ಮೇಲೆ ಅದನ್ನು ರಸ್ತೆಯಲ್ಲಿ ಇಡುತ್ತಾರೆ. ಹಿಮ ಬಾಚಿ ಗಾಡಿ ನಿಲ್ಲಿಸಲು ಮಾಡಿಕೊಂಡ ಈ ಜಾಗ ನನ್ನದು ಎಂದು ಅರ್ಥ. ಬೀದಿಯಲ್ಲಿ ಯಾರೂ ಇನ್ನೊಬ್ಬರ ಕುರ್ಚಿ ಕದಲಿಸುವುದಿಲ್ಲ.

"ನೋಡೋ ರೇ, ಈ ಕುರ್ಚಿಗೆ ಯಾವ ಕಾನೂನೂ ಇಲ್ಲ, ಆದ್ರೂ ಊರೆಲ್ಲ ಮರ್ಯಾದೆ ಕೊಡುತ್ತೆ," ಎಂದಳು ಮಾರ್ಲೀನ್. "ಛಾವಣಿಗೆ ಕಾನೂನಿದೆ, ಅದನ್ನ ಕೇಳೋರಿಲ್ಲ."

ಕುರ್ಚಿಯನ್ನು ವ್ಯಾನಿನ ಪಕ್ಕಕ್ಕೆಳೆದು, ಪೊರಕೆ ಹಿಡಿದು ಹತ್ತಿದಳು.

"ಅಕ್ಕಾ, ಮೊದಲು ಹೊರಡು. ಇಲ್ಲಾಂದ್ರೆ ಬೇರೆ ಡ್ರೈವರ್ ನೋಡ್ಕೋತೀನಿ."

ಅವಳ ಕೈ ಒಂದು ಗಳಿಗೆ ನಿಂತಿತು. ಈ ವಯಸ್ಸಿನಲ್ಲಿ ಅವಳಿಗೆ ಬೇರೆ ಕೆಲಸ ಯಾರು ಕೊಟ್ಟಾರು? ಸ್ಟಾಸಿಯಾಳ ಹುಬ್ಬು ನೋಡಿದಳು.

"ನೋಡ್ಕೋ. ಅವನಿಗೂ ಪೊರಕೆ ಕೊಟ್ಟೇ ಗಾಡಿ ಹತ್ತಿಸ್ತೀನಿ."

ಬಲವಾಗಿ ತಳ್ಳಿದಳು. ಬಾಗಿಲಗಲದ ಮಂಜುಗಡ್ಡೆ ಜಾರಿ ರೇ ಕಾಲ ಬಳಿ ಧೊಪ್ಪೆಂದು ಬಿತ್ತು. ಅವನು ಬಗ್ಗಿ ಎತ್ತಲು ನೋಡಿದ. ಅದು ಅಲುಗಲಿಲ್ಲ. ಮತ್ತೆ ತಿಣುಕಿದ. ಆಮೇಲೆ ಸ್ಟಾಸಿಯಾಳ ಪಟ್ಟಿಯನ್ನು ಬಹಳ ಹೊತ್ತು ನೋಡಿದ.

"ಇದಾ ನಿಮ್ಮ ಮೇಲೆ ಬಿದ್ದಿದ್ದು?"

"ಅದರ ತಂಗಿ."

ಮೂವರೂ ನಕ್ಕರು. ರೇ ನಗುತ್ತಲೇ ಕಣ್ಣೊರೆಸಿಕೊಂಡ. "ನಿಮ್ಮ ಗಾಜು ನಾನೇ ಹಾಕಿಸ್ತೀನಿ. ಅಕ್ಕಾ, ಇಳಿ. ಪೊರಕೆ ಕೊಡು."

ಓದುವ ಅಕ್ಕಂದಿರೇ, ಅಣ್ಣಂದಿರೇ, ಗಾಡಿ ಹತ್ತುವ ಮುನ್ನ ಒಮ್ಮೆ ತಲೆಯೆತ್ತಿ ಛಾವಣಿ ನೋಡಿ. ಹಿಮವೋ, ಮರಳೋ, ಸಡಿಲ ಹಗ್ಗದ ಮೂಟೆಯೋ, ನಿಮ್ಮ ಗಾಡಿಯಿಂದ ಬೀಳುವುದು ನಿಮ್ಮದೇ. ಕೆಲಸ ಕೊಟ್ಟವರೇ, ಹೊರಡು ಎನ್ನುವ ಮೊದಲು ಪೊರಕೆ ಕೊಡಿ. ಕೊಡದಿದ್ದರೆ, ದುಡಿಯುವವರೇ, ಹೊರಡಬೇಡಿ.

ಅತ್ತ ರೇ ದಪ್ಪ ಮೈ ಹೊತ್ತು ಕುರ್ಚಿ ಹತ್ತಿದ್ದ. ಕುರ್ಚಿ ಕಿರುಗುಟ್ಟಿತು, ಸ್ಟಾಸಿಯಾ ಅದರ ಕಾಲು ಹಿಡಿದಳು, ಹಿಮ ಮೂವರ ತಲೆಯ ಮೇಲೂ ಹಿಟ್ಟಿನಂತೆ ಉದುರಿತು.

"ಸಾಕು ಇಳಿಯೋ," ಮಾರ್ಲೀನ್ ವ್ಯಾನ್ ಹತ್ತಿ ಸ್ಟಿಯರಿಂಗ್ ಹಿಡಿದು ಕೂಗಿದಳು, "ಚರ್ಚಿನೋರು ಕಾಯ್ತಿದ್ದಾರೆ."

"ಇಳಿಯಲ್ಲ," ಎಂದ ರೇ. "ಆ ಮೂಲೆ ಇನ್ನೂ ಬಾಕಿ ಇದೆ."