ಟೆರಿಲ್ ಹೂತಿಟ್ಟ ನೀರು

ದಕ್ಷಿಣ ಯೂಟಾದ ಆ ಊರಿನಲ್ಲಿ ಟೈರು ಅಂಗಡಿ ಒಂದೇ. ಅಲ್ಲಿ ಕೆಲಸಕ್ಕಿದ್ದ ಟೆರಿಲ್‌ಗೆ ಸಿಟ್ಟು ಬರಿಸಲು ಯಾರೂ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಒಳಗೆ ಬಂದರೆ ಸಾಕಿತ್ತು. ಅದರಲ್ಲೂ ಮೈತುಂಬ ಜೇಬಿರುವ ಬಟ್ಟೆ ತೊಟ್ಟು, ಕತ್ತಿನ ಹಿಂದೆ ಪರದೆ ಇಳಿಬಿಟ್ಟ ಟೋಪಿ ಇಟ್ಟು, ಎರಡು ಕೈಗೆ ಎರಡು ಕೋಲು ಹಿಡಿದ ಪಟ್ಟಣದವರು ಬಂದು ಕಣಿವೆಗೆ ದಾರಿ ಹೇಗೆ ಎಂದು ಕೇಳಿದರೆ ಮುಗಿದೇ ಹೋಯಿತು.

"ಕೆಳಕ್ಕೆ," ಎನ್ನುತ್ತಿದ್ದ.

ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಆ ಕೆಂಪು ಬಂಡೆಗಳ ನಡುವೆಯೇ ಬೆಳೆದಿದ್ದ. ಹನ್ನೊಂದನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಹೊರಬಿದ್ದಿದ್ದ. ಕಣಿವೆಯ ಅಂಚಿಗೆ ತಪ್ಪಿಸಿಕೊಂಡ ದನ ಹುಡುಕಲು ಮೂರು ಸಲ, ಬಿಯರ್ ಕುಡಿಯಲು ಮೂವತ್ತು ಸಲ ಹೋಗಿದ್ದ. ಕೆಳಗಿಳಿದು ಒಂದು ರಾತ್ರಿ ಮಲಗಿದವನಲ್ಲ. ಇಲ್ಲಿ ಹುಟ್ಟಿದ್ದೇ ದೊಡ್ಡ ಅರ್ಹತೆ ಎಂದುಕೊಂಡಿದ್ದ. ಆಸ್ಪತ್ರೆಯಲ್ಲಿ ಹುಟ್ಟಿದವರೆಲ್ಲ ಡಾಕ್ಟರಾಗಿಲ್ಲವಲ್ಲ ಎಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ, ಅದೂ ಬಾಯಿ ಒಣಗಿದ ಮೇಲೆ.

ಅವನ ಅಕ್ಕ ನೆಡ್ರಾ ಎಂಟು ವರ್ಷ ದೊಡ್ಡವಳು. ಚಾರಣಕ್ಕೆ ಬರುವವರನ್ನು ಕಣಿವೆಗಳಿಗೆ ಕರೆದೊಯ್ಯುವುದು ಅವಳ ಕಸುಬು. ಆ ವಸಂತಕ್ಕೆ ಅವಳಿಗೆ ಇನ್ನೊಬ್ಬ ಗೈಡ್ ಬೇಕಿತ್ತು. ಟೆರಿಲ್‌ಗೆ ಆ ಕೆಲಸ ಬೇಕಿತ್ತು, ಹಲ್ಲುನೋವಿನವನಿಗೆ ನಿದ್ದೆ ಬೇಕಿರುವಷ್ಟು. ರಬ್ಬರಿನ ವಾಸನೆ ಅವನ ಕನಸಿಗೂ ಬರತೊಡಗಿತ್ತು.

"ನಿನ್ನನ್ನ ಗೈಡ್ ಮಾಡಿದ್ರೆ ಮೊದಲನೇ ದಿನಾನೇ ಯಾರನ್ನಾದ್ರೂ ಬಂಡೆ ಮೇಲಿಂದ ತಳ್ತೀಯ ಕಣೋ," ಎಂದಳು ನೆಡ್ರಾ, ಅಡುಗೆಮನೆಯ ಮೇಜಿನ ಆಚೆಯಿಂದ.

"ತಳ್ಳಲ್ಲ. ಬೀಳೋರನ್ನ ಹಿಡಿಯಲ್ಲ, ಅಷ್ಟೇ."

ಅವಳು ನಗಲಿಲ್ಲ. "ಸರಿ, ಕೇಳು. ಮೂರು ದಿನದ ನಡಿಗೆ. ಈ ರಾಷ್ಟ್ರೀಯ ಉದ್ಯಾನದ ಕಣಿವೇಲಿ ಇಳಿದು, ಮೇಲೆ ಹತ್ತಿ, ಪಕ್ಕದ ಉದ್ಯಾನದ ಕಣಿವೇಲಿ ಹೊರಗೆ ಬರೋದು. ಪರ್ಮಿಟ್ಟು, ದಾರಿ, ನೀರು, ಊಟ ಎಲ್ಲಾ ನೀನೇ ಯೋಚಿಸ್ಬೇಕು. ನಾನು ಗಿರಾಕಿ. ಬಾಯಿ ಬಿಡಲ್ಲ. ನಿನ್ನನ್ನ ತಿದ್ದೋಕೆ ಅಂತ ಒಂದೇ ಒಂದು ಮಾತಾಡೋ ಹಾಗೆ ಮಾಡಿದ್ಯೋ, ಕೆಲಸದ ಸುದ್ದಿ ಮತ್ತೆ ಎತ್ಬೇಡ."

"ಮೂರು ದಿನ ನೀನು ಬಾಯಿ ಮುಚ್ಕೊಂಡಿರ್ತೀಯಾ? ಅದಕ್ಕಾದ್ರೂ ಬರ್ತೀನಿ ನಡಿ."

ಮೂರು ವಾರ ಆ ಮೇಜು ಅವನದಾಯಿತು. ನಕ್ಷೆ ಹರಡಿ, ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಕೆಚಪ್ ಬಾಟಲಿ, ಒಂದು ಸ್ಪ್ಯಾನರ್, ಅಕ್ಕನ ಕಾಫಿ ಲೋಟ ಇಟ್ಟು, ದಂಡು ಹೊರಡಿಸುವ ಸೇನಾಪತಿಯ ಹಾಗೆ ಬಗ್ಗಿ ನೋಡುತ್ತಿದ್ದ. ನೆಡ್ರಾ ಒಂದು ಪೆನ್ಸಿಲ್ ತಂದಿಟ್ಟಳು. ಅವನು ಅದರಲ್ಲಿ ಕಿವಿ ತುರಿಸಿಕೊಂಡ.

ಉದ್ಯಾನದ ಕಚೇರಿಯಲ್ಲಿ ಪರ್ಮಿಟ್ ಅರ್ಜಿ ತುಂಬುವಾಗ, ತುರ್ತಿನಲ್ಲಿ ಹೊರಬರುವ ದಾರಿ ಯಾವುದು ಎಂಬ ಪ್ರಶ್ನೆಗೆ 'ಬಂದ ದಾರಿ' ಎಂದು ಬರೆದು ತನ್ನ ಜಾಣತನಕ್ಕೆ ತಾನೇ ನಕ್ಕ. ಅಲ್ಲಿನ ಹೆಂಗಸು ಎರಡು ದಪ್ಪ ಚೀಲಗಳನ್ನು ಮುಂದಿಟ್ಟಳು. "ಕಣಿವೇಲಿ ಎರಡಕ್ಕೆ ಹೋದ್ರೆ ಅದನ್ನ ಇದ್ರಲ್ಲಿ ನೀವೇ ಹೊತ್ತು ತರ್ಬೇಕು. ಮಣ್ಣಲ್ಲಿ ಹೂಳೋ ಹಾಗಿಲ್ಲ."

"ದನಗಳಿಗೂ ಕೊಡ್ತೀರಾ ಇದನ್ನ?"

"ಬೇಡ. ಅವು ನನ್ನತ್ರ ಹಿಂಗೆಲ್ಲ ಮಾತಾಡಲ್ಲ."

ಇಡೀ ಯೋಜನೆಯಲ್ಲಿ ಕಷ್ಟದ ಜಾಗ ಒಂದೇ. ಎರಡು ಕಣಿವೆಗಳ ನಡುವೆ, ಎರಡೂ ಉದ್ಯಾನಗಳ ಗಡಿಯಾಚೆ, ಒಂದು ಬೋಳು ಬಯಲು. ಅಲ್ಲಿ ಹನಿ ನೀರಿಲ್ಲ. ಆದರೆ ಒಂದು ಮಣ್ಣುರಸ್ತೆ ಅಲ್ಲಿಗೆ ಬಂದು ಮುಗಿಯುತ್ತದೆ. ಹಾಗಾಗಿ ಆ ಕಡೆಯವರು ಮಾಡುವುದನ್ನೇ ಟೆರಿಲ್ ಮಾಡಿದ. ಪಿಕಪ್ಪಿನಲ್ಲಿ ಹೋಗಿ, ಒಣಗಿದ ಜೂನಿಪರ್ ಮರವೊಂದರ ಬುಡದ ಮರಳಿನಲ್ಲಿ ನಾಲ್ಕು ಕ್ಯಾನ್ ನೀರು ಹೂತು ಬಂದ.

"ಐದು ಕಲ್ಲು ಒಂದರ ಮೇಲೊಂದು ಇಟ್ಟಿದೀನಿ. ತುದೀಲಿ ಒಂದು ಬಿಳೀ ಕಲ್ಲು. ಆ ಬಯಲಲ್ಲಿ ಇರೋದೇ ಅದೊಂದು ಬಿಳೀ ಕಲ್ಲು," ಎಂದ ಊಟದ ಹೊತ್ತಿನಲ್ಲಿ.

ನೆಡ್ರಾ ನಕ್ಷೆಯನ್ನೂ ಪೆನ್ಸಿಲನ್ನೂ ನೋಡಿದಳು.

"ಗುರುತು ಹಾಕ್ಕೊಳ್ಳೋದು ಪ್ರವಾಸಿಗಳು. ನಾನು ಇಲ್ಲಿಯವನು ಕಣೇ," ಎಂದ ಟೆರಿಲ್.

ಮೊದಲ ದಿನ ಎಲ್ಲವೂ ಅವನ ಪರವಾಗಿಯೇ ಇತ್ತು. ತೊರೆಯಲ್ಲಿ ನೀರಿತ್ತು. ರೊಟ್ಟಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿ ಸುರುಳಿ ಸುತ್ತಿಕೊಟ್ಟ. ನೆಡ್ರಾ ತುಟಿ ಹೊಲಿದವಳ ಹಾಗೆ ತಿಂದಳು. ಅವಳ ಮೌನ ಅವನಿಗೆ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಎರಡನೆಯ ದಿನ ಬಂಡೆಯ ಬಿರುಕೊಂದರಲ್ಲಿ ಹತ್ತಿ ಬಯಲಿಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಮುಂದೆ ಹಾಸುಬಂಡೆಯ ಉದ್ದಕ್ಕೂ, ಹೆಜ್ಜೆಗುರುತು ಮೂಡದ ಜಾಗದಲ್ಲಿ ದಾರಿ ತಿಳಿಯಲೆಂದು ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆಗಳು. ಅವನ್ನು ಕಂಡರೆ ಟೆರಿಲ್‌ನ ಮೈ ಉರಿಯುತ್ತಿತ್ತು. ಪಟ್ಟಣದವರು ಫೋಟೊಗೆಂದು ಹೊಳೆ ದಂಡೆಯಲ್ಲೆಲ್ಲ ಇಂಥವನ್ನು ಕಟ್ಟಿ ಹೋಗುತ್ತಿದ್ದರು. ಯಾವುದು ದಾರಿಯದು, ಯಾವುದು ಫೋಟೊದ್ದು ಎಂದು ವಿಂಗಡಿಸುವ ತಾಳ್ಮೆ ಇದ್ದಿದ್ದರೆ ಅವನು ಹನ್ನೆರಡನೇ ಕ್ಲಾಸನ್ನೂ ಮುಗಿಸುತ್ತಿದ್ದ. ಕಂಡಲ್ಲೆಲ್ಲ ಒದೆಯುವುದು ಅವನ ನೇಮ.

"ನೋಡು, ಆಲೂಗಡ್ಡೆ ಬಿತ್ತಿದ ಹಾಗೆ ಬಿತ್ತಿದಾರೆ!" ಎಂದು ಮೊದಲನೆಯದಕ್ಕೆ ಕಾಲು ಬೀಸಿದ.

ನೆಡ್ರಾ ಬಾಯಿ ತೆರೆದಳು. ಮುಚ್ಚಿದಳು. ಟೆರಿಲ್‌ಗೆ ಖುಷಿಯಾಯಿತು.

ಹೀಗೆ ಹದಿನಾರು ಉರುಳಿಸಿದ. ಹದಿನೇಳನೆಯದು ಉಳಿದವುಗಳಿಗಿಂತ ಅಚ್ಚುಕಟ್ಟಾಗಿತ್ತು. ಅದೇ ಅದರ ತಪ್ಪು. "ಇದನ್ನ ಕಟ್ಟಿದೋನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ ನೋಡು," ಎಂದವನೇ ನಾಲ್ಕು ಹೆಜ್ಜೆ ಓಡಿ ಬಂದು ಒದ್ದ. ನೆಡ್ರಾಗೆ ಜೋರಾಗಿ ಕೆಮ್ಮು ಬಂತು.

"ಏನು, ನೆಗಡಿನಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು.

ಕಾಲು ಮೈಲಿ ಆಚೆ ಮಣ್ಣುರಸ್ತೆಯ ಕೊನೆ ಸಿಕ್ಕಿತು. ಅಲ್ಲಿ ಚೀಲ ಇಳಿಸಿ, ಟೆರಿಲ್ ತನ್ನ ಜೂನಿಪರ್ ಮರವನ್ನು ಹುಡುಕಲು ತಿರುಗಿದ. ಅವನ ನೆನಪಿನಲ್ಲಿ ಒಣಗಿದ ಮರ ಒಂದೇ ಇತ್ತು. ಬಯಲಿನಲ್ಲಿ ನೂರಿದ್ದವು. ಒಂದೊಂದರ ಬುಡವನ್ನೂ ಕೆರೆದ. ಒಂದು ಗಂಟೆಯಾಯಿತು. ಇಬ್ಬರಿಗೂ ಸೇರಿ ಉಳಿದದ್ದು ಅರ್ಧ ಬಾಟಲಿ ನೀರು. ಅದನ್ನು ಅಲ್ಲಾಡಿಸಿದಾಗ ಬಂದ ಸದ್ದು ಅವನಿಗೆ ಹಿಡಿಸಲಿಲ್ಲ.

ಐದು ಕಲ್ಲು. ತುದಿಯಲ್ಲಿ ಒಂದು ಬಿಳಿ.

ಅವನ ಕೈ ಸೊಂಟದ ಮೇಲೆಯೇ ನಿಂತಿತು. ಆ ಗುಪ್ಪೆಯನ್ನು ಕಟ್ಟಿದ ದಿನ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ಚೆನ್ನಾಗಿದೆ ಎಂದು ಮೆಚ್ಚಿಕೊಂಡದ್ದೂ ನೆನಪಾಯಿತು. ರಸ್ತೆಯ ಕಡೆಯಿಂದ ಕಟ್ಟಿದ್ದ, ಕಣಿವೆಯ ಕಡೆಯಿಂದ ಬಂದು ಒದ್ದಿದ್ದ. ಅದು ಯಾವ ಮರದ ಬುಡ ಎಂದು ಹೇಳಲು ಈಗ ಒಂದು ಕಲ್ಲೂ ನಿಂತಿರಲಿಲ್ಲ.

"ನಾನೇ ಒದ್ದೆ," ಎಂದ.

ನೆಡ್ರಾ ಹೌದೆಂದು ತಲೆಯಾಡಿಸಿದಳು.

"ನೀನು ಕೆಮ್ಮಿದ್ದು ಅದಕ್ಕೇ."

ಮತ್ತೆ ಹೌದು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತೇ!"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಆ ತುಟಿ ಒಡೆದಿತ್ತು.

ಎರಡು ದಾರಿಗಳಿದ್ದವು. ಮುಂದೆ ಹೋದರೆ ಎರಡನೆಯ ಕಣಿವೆ. ಅಲ್ಲಿನ ಬಂಡೆಗುಳಿಗಳಲ್ಲಿ ಮಳೆನೀರು ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಕೆಲಸ ಉಳಿಯಿತು. ಹಿಂದೆ ಹೋದರೆ ಆರು ಮೈಲಿಗೆ ತೊರೆ ಇದೆ, ಖಂಡಿತ ಇದೆ, ಕೆಲಸ ಇಲ್ಲ. 'ಮುಂದೆ' ಎನ್ನಲು ಹೊರಟ ಟೆರಿಲ್‌ನ ಒಣ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅರ್ಜಿಯಲ್ಲಿ ತಮಾಷೆಗೆ ಬರೆದ ಸಾಲು ನೆನಪಾಯಿತು; ಇಡೀ ಯೋಜನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ.

"ಬಂದ ದಾರಿ," ಎಂದ. ಬಾಟಲಿಯನ್ನು ಅಕ್ಕನ ಕೈಗೆ ಕೊಟ್ಟ.

ಕಾಲು ಮೈಲಿ ಹಿಂದಕ್ಕೆ ನಡೆದಿರಬಹುದು. ಒಣಮರವೊಂದರ ಚೂರು ನೆರಳಿನಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ ಕುಳಿತಿದ್ದರು. ಪರದೆಯ ಟೋಪಿ, ನಾಲ್ಕು ಕೋಲು, ಮೈತುಂಬ ಜೇಬು.

"ದೇವ್ರು ಬಂದ ಹಾಗೆ ಬಂದ್ರಪ್ಪ," ಎಂದಳು ಮುದುಕಿ. "ಕಲ್ಲುಗುಪ್ಪೆ ನೋಡ್ಕೊಂಡು ಹೋಗಿ ಅಂದಿದ್ರು. ಒಂದೂ ಇಲ್ಲ. ಗಾಳಿಗೆ ಬಿದ್ವೇನೋ."

ನೆಡ್ರಾ ಆಕಾಶ ನೋಡಿದಳು.

"ಗಾಳಿ ಅಲ್ಲ," ಎಂದ ಟೆರಿಲ್. "ನಾನು ಒದ್ದೆ."

ಮುದುಕಿ ಕನ್ನಡಕ ಸರಿಮಾಡಿಕೊಂಡಳು. "ತಾಳು. ನೀನು ಟೈರ್ ಅಂಗಡಿಯವನಲ್ವಾ? 'ಕೆಳಕ್ಕೆ' ಅಂದೋನು?"

"ಹೌದು."

"ಇವನೇ ಕಣ್ರೀ!" ಎಂದು ಗಂಡನ ತೋಳು ತಟ್ಟಿದಳು. ಹಾಗೆ ತಟ್ಟಿದ ಕೈಯಲ್ಲಿ ಒಂದು ಬಿಳಿ ಕಲ್ಲಿತ್ತು.

ಟೆರಿಲ್‌ನ ದನಿ ಕೀರಲಾಯಿತು. "ಅದು... ಅದನ್ನ ಎಲ್ಲಿ ಎತ್ಕೊಂಡ್ರಿ?"

"ಇಲ್ಲೇ, ನನ್ನ ಕಾಲಡೀಲಿ. ಎಲ್ಲಾ ಕೆಂಪು, ಇದೊಂದು ಬಿಳಿ. ಮುದ್ದಾಗಿತ್ತು. ಯಾಕೆ, ನಿಂದಾ?"

"ಸ್ವಲ್ಪ ಏಳ್ತೀರಾ ಅಮ್ಮ?" ಎಂದ. ಅಷ್ಟು ಮರ್ಯಾದೆಯ ಮಾತು ಅವನ ಬಾಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಆಕೆ ಕುಳಿತಿದ್ದ ಜಾಗವನ್ನು ನಾಯಿಯ ಹಾಗೆ ಎರಡು ಕೈಯಲ್ಲಿ ಕೆರೆದ. ಮೊಳದ ಆಳಕ್ಕೆ ಕ್ಯಾನಿನ ನೀಲಿ ಮುಚ್ಚಳ ಸಿಕ್ಕಿತು.

ಅಕ್ಕ ಕುಡಿದಳು. ಮುದುಕ ಮುದುಕಿಯರ ಬಾಟಲಿ ತುಂಬಿದ ಮೇಲೆ ಅವನು ಕುಡಿದ. ಆಮೇಲೆ ಬಾಯಿ ಒರೆಸಿಕೊಂಡು ಎದ್ದು, ಚೆದುರಿದ ಕಲ್ಲುಗಳನ್ನು ಆಯತೊಡಗಿದ. ಮುದುಕಿ ಕೋಲಿನ ತುದಿಯಿಂದ ಎತ್ತ ಕಟ್ಟಬೇಕೆಂದು ತೋರಿಸಿದಳು, ಓರೆಯಾದರೆ ಬೈದಳು. ಹದಿನೇಳನ್ನೂ ಕಟ್ಟಿ ಮುಗಿಸುವಾಗ ಬಿಸಿಲು ಇಳಿದಿತ್ತು, ಅವನ ಬೆನ್ನು ಮುರಿದಿತ್ತು.

ಆಗ ನೆಡ್ರಾ ಬಾಯಿ ಬಿಟ್ಟಳು. "ಗೈಡ್ ಕೆಲಸ ಕೊಡಲ್ಲ ಕಣೋ. ಈ ವರ್ಷ ಅಂತೂ ಇಲ್ಲ."

"ಗೊತ್ತು."

"ಮುಂದೆ ಹೋಗೋಣ ಅಂದಿದ್ರೆ ಅಲ್ಲೇ ಬಾಯಿ ಬಿಡ್ತಿದ್ದೆ, ಯಾವತ್ತಿಗೂ ಇಲ್ಲ ಅಂತಿದ್ದೆ." ಅವಳು ತನ್ನ ಬೆನ್ನಚೀಲಕ್ಕೆ ಕಟ್ಟಿದ್ದ, ಕಚೇರಿಯವರು ಕೊಟ್ಟ ದಪ್ಪ ಚೀಲವನ್ನು ಬಿಡಿಸಿ ಮುಂದೆ ಹಿಡಿದಳು. ಅದೀಗ ಖಾಲಿಯಿರಲಿಲ್ಲ. "ಗಿರಾಕಿಗಳದ್ದನ್ನ ಹೊರೋಕೆ ಒಬ್ಬ ಬೇಕು. ಒಂದ್ಸಲಕ್ಕೆ ಎಂಟು ಜನದ್ದು. ಸೋಮವಾರದಿಂದ ಬರ್ತೀಯಾ?"

ಟೆರಿಲ್‌ಗೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಒದೆಯಲು ಏನಾದರೂ ಬೇಕೆಂದು ಆಚೀಚೆ ನೋಡಿದ. ಕಾಲಳತೆಯಲ್ಲೇ ಒಂದು ಕಲ್ಲುಗುಪ್ಪೆ ಇತ್ತು, ತುದಿಯಲ್ಲಿ ಬಿಳಿ ಕಲ್ಲು. ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ, ಮೂಗು ಬೇರೆ ಕಡೆ ತಿರುಗಿಸಿಕೊಂಡು, ಚೀಲಕ್ಕೆ ಕೈ ಚಾಚಿದ.