ಕಿಟಕಿಕಟ್ಟೆಯ ಮೇಲಿನ ಕೊಡತಿ

ನನ್ನ ತಂಗಿಯ ಬಲಗೈಯ ಮೂರು ಬೆರಳುಗಳು ಮಡಚುವುದಿಲ್ಲ. ಹತ್ತನೇ ತರಗತಿಯ ಪರೀಕ್ಷೆಯ ಹಿಂದಿನ ದಿನ ಅವಳ ಗಂಡ ಆ ಕೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದು, ಉಳಿಯ ತಲೆಗೆ ಬಡಿಯುವ ಮರದ ಕೊಡತಿಯಿಂದ ಬಡಿದಿದ್ದ. ಅವನು ಬಡಗಿ. ಇಬ್ಬರೂ ಒಂದೇ ರಾತ್ರಿಶಾಲೆಯಲ್ಲಿ, ಒಂದೇ ತರಗತಿಯಲ್ಲಿ ಓದುತ್ತಿದ್ದರು. ಆ ವಾರ ಮಾಸ್ತರು ಇಟ್ಟ ಪರೀಕ್ಷೆಯಲ್ಲಿ ಅವಳಿಗೆ ಅವನಿಗಿಂತ ಹೆಚ್ಚು ಅಂಕ ಬಂದಿತ್ತು. ಕಾರಣ ಅಷ್ಟೇ. ನಾನೂ ಅದೇ ತರಗತಿಯವಳು. ನನಗೆ ಆಗಲೇ ನಲವತ್ತು ದಾಟಿತ್ತು, ಹಾಗಾಗಿ ಎಲ್ಲರಿಗೂ ನಾನು ದೊಡ್ಡಕ್ಕ.

ಮೆಟ್ಟಿಲಿಂದ ಬಿದ್ದೆ ಎಂದು ತಂಗಿ ಎಲ್ಲರಿಗೂ ಹೇಳಿದಳು, ನನಗೂ ಹಾಗೇ ಹೇಳಿದಳು. ಪರೀಕ್ಷೆ ಬರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಅವನನ್ನು ಬಿಟ್ಟು ಒಂದು ಚೀಲ ಹಿಡಿದು ನನ್ನ ಮನೆಗೆ ಬಂದಾಗಲೇ ನನಗೆ ನಿಜ ತಿಳಿದದ್ದು. ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಎಡಗೈಯಲ್ಲಿ ಬಟ್ಟೆ ಕತ್ತರಿಸಲು ಕಲಿತಳು. ಕತ್ತರಿಗಳನ್ನು ಬಲಗೈಯವರಿಗೆಂದೇ ಮಾಡಿರುತ್ತಾರೆ. ಹೆಬ್ಬೆರಳ ತೊಗಲು ಕಿತ್ತು ರಕ್ತ ಸುರಿದು, ಕಡೆಗೆ ಆ ಜಾಗದಲ್ಲಿ ಗೊರಸಿನಂಥ ಚರ್ಮ ಬೆಳೆಯಿತು. ಈಗ ಹೊಲಿಗೆ ಅಂಗಡಿ ಇಟ್ಟಿದ್ದಾಳೆ.

ನಮ್ಮ ತರಗತಿಯ ಇಪ್ಪತ್ತೈದನೇ ವರ್ಷದ ಕೂಟದ ಮಾತುಕತೆ ನಡೆದದ್ದು ಆ ಅಂಗಡಿಯಲ್ಲೇ. ಮುಂದೆ ನಿಂತವನು ಕಸಾಯಿ. ಮಾಂಸದ ಅಂಗಡಿಯವನು, ದಿನವೆಲ್ಲ ಕತ್ತಿ ಬೀಸಿ ಬಂದು, ಪದ್ಯ ಓದಿಸಿದರೆ ಗೊಳೋ ಅಂತ ಅಳುತ್ತಿದ್ದ ಮನುಷ್ಯ.

“ಕುರಿ ನಂದು, ಅಡುಗೆ ನನ್ನ ಹೆಂಡತೀದು, ಬ್ಯಾನರ್ ತಂಗೀದು,” ಎಂದ. “ಆದ್ರೆ ಎಲ್ಲರೂ ಆಗಿನ ಹಾಗೇ ಬರಬೇಕು. ಕೆಲಸದ ಬಟ್ಟೇಲಿ, ಕೈಯಲ್ಲಿ ಸಾಮಾನು ಹಿಡ್ಕೊಂಡು.”

ಆಗ ನಾವು ಕೆಲಸದಿಂದ ನೇರವಾಗಿ ತರಗತಿಗೆ ಹೋಗುತ್ತಿದ್ದೆವು. ಸಾಮಾನುಗಳನ್ನೆಲ್ಲ ಬಾಗಿಲ ಪಕ್ಕದ ಕಿಟಕಿಕಟ್ಟೆಯ ಮೇಲೆ ಇಟ್ಟು ಕೂರಬೇಕು, ಅದು ಮಾಸ್ತರ ನಿಯಮ. ಕಸಾಯಿಯ ಕತ್ತಿ, ಬಡಗಿಯ ಕೊಡತಿ, ಬಸ್ ಡ್ರೈವರನ ಸ್ಪ್ಯಾನರ್, ತಂಗಿಯ ಕತ್ತರಿ, ನನ್ನ ಇಸ್ತ್ರಿಪೆಟ್ಟಿಗೆ. ಅದೊಂದು ಸಣ್ಣ ಸಂತೆಯೇ. ಮತ್ತೆ ಹಾಗೇ ಮಾಡೋಣ ಅಂದಾಗ ಎಲ್ಲರೂ ನಕ್ಕು ಒಪ್ಪಿದೆವು. ಆಗ ನಾವು ದಣಿದು ಹೋಗುತ್ತಿದ್ದೆವು, ದಣಿದ ಕೈಗೆ ಸಾಮಾನು ಕೆಳಗಿಟ್ಟರೆ ಸಾಕಾಗುತ್ತಿತ್ತು, ಈಗ ಯಾರೂ ದಣಿದು ಬರುವುದಿಲ್ಲ; ಇದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

“ಬಡಗೀಗೂ ಹೇಳಲಾ?” ಕಸಾಯಿ ತಂಗಿಯ ಮುಖ ನೋಡಿದ. “ನೀವಿಬ್ರು ಹೊಂದ್ಕೊಳ್ಳಲಿಲ್ಲ, ಅದು ನಿಮ್ಮ ವಿಷಯ. ಅವನಿಲ್ಲದೆ ಇದ್ರೆ ನಮ್ಮನ್ನ ನಗಿಸೋರು ಯಾರಮ್ಮ?”

“ಬರಲಿ ಬಿಡಣ್ಣ,” ಎಂದಳು ತಂಗಿ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ನಾನು ಕೇಳಿದೆ, “ತಲೆ ನೆಟ್ಟಗಿದೆಯೇನೇ ನಿಂಗೆ?”

“ನೋಡಕ್ಕ, ಆ ಕೋಣೇಲಿ, ಮಾಸ್ತರ ಎದುರಿಗೆ, ಅವನು ಕೂತಿರುವಾಗಲೇ ನಾನು ಬಾಯಿಬಿಟ್ಟು ಹೇಳಬೇಕು. ಹೇಳಿ, ಅಲ್ಲೇ ಊಟ ಮಾಡಿ ಬರಬೇಕು. ನಡುವೆ ಎದ್ದು ಓಡಿದೆನೋ, ಸಾಯೋವರೆಗೆ ಮೆಟ್ಟಿಲಿಂದ ಬಿದ್ದವಳೇ ನಾನು.”

“ಅವನು ಸುಮ್ನಿರ್ತಾನಾ?”

“ಇರಲ್ಲ. ಅದಕ್ಕೇ ನಿನ್ನ ಪಕ್ಕ ಕೂರ್ತೀನಿ.”

ಕೂಟ ಭಾನುವಾರ ಬೆಳಿಗ್ಗೆ, ನಮ್ಮ ಹಳೆಯ ತರಗತಿಯ ಕೋಣೆಯಲ್ಲೇ. ಆ ಕೋಣೆಯನ್ನು ನಾವು ಯಾರೂ ಹಗಲಲ್ಲಿ ಕಂಡವರಲ್ಲ. ಗೋಡೆಗೆ ಹಸಿರು ಬಣ್ಣವೆಂದು ಅವತ್ತೇ ಗೊತ್ತಾದದ್ದು. ನಾನು ಅಷ್ಟು ವರ್ಷ ಬೂದಿ ಬಣ್ಣವೆಂದುಕೊಂಡಿದ್ದೆ. ಕರಿಹಲಗೆಯ ಮೇಲೆ ತಂಗಿ ಹೊಲಿದ ಬಿಳಿ ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಕೆಂಪು ದಾರದಲ್ಲಿ ತೆಗೆದ ಅಕ್ಷರಗಳು, ಎಲ್ಲ ಎಡಗೈಯವು, ತುಸು ಹಿಂದಕ್ಕೆ ವಾಲಿದ್ದವು. ಮಾಸ್ತರು ಊರುಗೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ನಾವು ಒಬ್ಬೊಬ್ಬರಾಗಿ ಕಿಟಕಿಕಟ್ಟೆಯ ಮೇಲೆ ಸಾಮಾನು ಇಡುತ್ತ ಬಂದೆವು.

ಬಡಗಿ ಬಂದ. ತಲೆ ಬೆಳ್ಳಗಾಗಿತ್ತು, ತೋಳು ಮಾತ್ರ ಹಾಗೇ ಇದ್ದವು. ಕೊಡತಿಯನ್ನು ನನ್ನ ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟು, “ದೊಡ್ಡಕ್ಕ, ಕೆಂಡ ಇದೆಯಾ ಇದರಲ್ಲಿ? ನನ್ನ ಮುಖದ ಸುಕ್ಕು ಒಂಚೂರು ತೆಗೆದುಬಿಡು,” ಎಂದ. ಎಲ್ಲರೂ ನಕ್ಕರು. ನನಗೂ ತುಟಿಯ ತನಕ ನಗು ಬಂತು, ಅಂಥ ನಾಲಿಗೆ ಅವನದು. ಆಮೇಲೆ ಹೋಗಿ ತನ್ನ ಹಳೆಯ ಜಾಗದಲ್ಲೇ, ನಮ್ಮ ಹಿಂದಿನ ಬೆಂಚಿನಲ್ಲಿ ಕೂತ. ತಂಗಿಯ ಬೆನ್ನು ಹಲಗೆಯಂತೆ ಸೆಟೆಯಿತು.

ಮಾಸ್ತರು ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದು ತಂಗಿಯ ಬಳಿ ನಿಂತರು. “ನೀನು ಪಾಸಾಗ್ತೀಯ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ ಕಣಮ್ಮ. ಪರೀಕ್ಷೆಗೇ ಬರಲಿಲ್ಲ.”

“ಮೆಟ್ಟಿಲು ಇವಳಿಗಿಂತ ಚುರುಕಾಗಿತ್ತು ಸಾರ್,” ಎಂದ ಬಡಗಿ ಹಿಂದಿನಿಂದ. ಮತ್ತೆ ನಗು.

ತಂಗಿ ತನ್ನ ಬಲಗೈಯನ್ನು ಬೆಂಚಿನ ಮೇಲೆ ಇಟ್ಟಳು. ಸೊಟ್ಟ ಬೆರಳುಗಳು ಮೇಲೆದ್ದು ನಿಂತವು.

“ಮೆಟ್ಟಿಲಲ್ಲ ಸಾರ್. ನನ್ನ ಹಿಂದೆ ಕೂತಿದ್ದಾನಲ್ಲ, ಇವನು. ಅಲ್ಲಿ ಕಿಟಕೀಲಿದೆಯಲ್ಲ, ಅಂಥದ್ದೇ ಕೊಡತೀಲಿ ಜಜ್ಜಿದ. ಮೊದಲ ಪೆಟ್ಟಿಗೆ ಎರಡು ಬೆರಳು ಹೋದವು. ಕೈ ಎಳ್ಕೊಳ್ಳೋಕೆ ಹೋದೆ, ಮಣಿಕಟ್ಟಿನ ಮೇಲೆ ಮೊಣಕಾಲೂರಿ ಇನ್ನೊಂದು ಏಟು ಹಾಕಿದ.”

ನಗು ಅಲ್ಲಲ್ಲೇ ನಿಂತಿತು. ಕಸಾಯಿ ತಿರುಗಿ ಬಡಗಿಯನ್ನು ನೋಡಿದ. “ಹೌದೇನೋ?”

“ಹುಚ್ಚು ಹಿಡಿದಿದೆ ಇವಳಿಗೆ,” ಎನ್ನುತ್ತ ಬಡಗಿ ಎದ್ದ. ಬಾಗಿಲ ಕಡೆಗೆ ಹೋಗುತ್ತಾನೆಂದೇ ನಾವೆಲ್ಲ ಅಂದುಕೊಂಡೆವು. ಅವನು ಕಿಟಕಿಯ ಬಳಿ ನಿಂತು, ಕೊಡತಿ ಹಿಡಿದು ತಿರುಗಿದ. “ಜನರ ಮುಂದೆ ಮಾನ ಕಳೀತೀಯೇನೇ. ಉಳಿದಿರೋ ಕೈಯೂ ಬೇಡವಾ ನಿಂಗೆ?”

ತಂಗಿ ಏಳಲಿಲ್ಲ. ಅವಳ ಎಡಗೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅವನು ಬೀಸಿದ ಪೆಟ್ಟಿಗೆ ಕಸಾಯಿ ಅಡ್ಡ ಬಂದ, ಬರಿಗೈಯಲ್ಲಿ. ಪೆಟ್ಟು ಅವನ ಕುತ್ತಿಗೆಗೂ ಭುಜಕ್ಕೂ ನಡುವಿನ ಮೂಳೆಗೆ ಬಿತ್ತು. ಮೂಳೆ ಮುರಿದ ಸದ್ದು ಕೋಣೆಗೆಲ್ಲ ಕೇಳಿತು. ಕಸಾಯಿ ಆ ಸದ್ದನ್ನು ದಿನವೂ ಕೇಳುವವನು. ತನ್ನದೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತೇನೋ, ಆಮೇಲೆ ಮಂಡಿಯೂರಿ ಕುಸಿದ. ಮಾಸ್ತರು ಊರುಗೋಲು ಚಾಚಿದರು, ಕೊಡತಿಯ ಪೆಟ್ಟಿಗೆ ಅದು ಎರಡು ತುಂಡಾಗಿ ಅವರ ಹಣೆ ಒಡೆಯಿತು. ಬಡಗಿ ಮತ್ತೆ ಕೊಡತಿ ಎತ್ತಿದ.

ನಾನು ಎದ್ದು ಕಿಟಕಿಯ ಬಳಿ ಹೋದದ್ದು ನನಗೇ ಗೊತ್ತಾಗಲಿಲ್ಲ. ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಇರಲಿಲ್ಲ, ಆದರೆ ಕಬ್ಬಿಣ ಕಬ್ಬಿಣವೇ. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಖಕ್ಕೆ ಬೀಸಿದೆ. ದವಡೆ ಪಕ್ಕಕ್ಕೆ ಸರಿಯಿತು. ರಕ್ತದ ಜೊತೆ ಎರಡು ಹಲ್ಲು ನನ್ನ ಸೆರಗಿನ ಮೇಲೆ ಬಿದ್ದವು.

ಅವನು ನೆಲಕ್ಕೆ ಬಿದ್ದದ್ದೇ ತಡ, ಇಡೀ ತರಗತಿ ಅವನ ಮೇಲೆ ಎರಗಿತು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು ಪಕ್ಕೆಗೆ, ಹೊಟ್ಟೆಗೆ, ತಲೆಗೆ ಒದ್ದರು. ಡ್ರೈವರ್ ಅವನ ಬಲಗೈ ಹಿಡಿದೆಳೆದು ಬೆಂಚಿನ ಮೇಲೆ, ತಂಗಿಯ ಎದುರಿಗೇ, ಅಂಗೈ ಕೆಳಗಾಗಿ ಒತ್ತಿದ. ಕೊಡತಿಯನ್ನು ಅವಳ ಮುಂದಿಟ್ಟ. “ಹೊಡಿ ತಂಗಿ. ನಾನು ಹಿಡ್ಕೊಂಡಿರ್ತೀನಿ.”

ಎಲ್ಲರೂ ಏದುಸಿರು ಬಿಡುತ್ತ ನಿಂತರು. ತಂಗಿ ಕೊಡತಿಯನ್ನು ಎಡಗೈಗೆ ತೆಗೆದುಕೊಂಡು ತೂಗಿ ನೋಡಿದಳು. ಅವನ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆಂದೇ ನಾನು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹೊಡೆಯಲಿ ಎಂದೂ ಅಂದುಕೊಂಡೆ.

“ನಂದು ಎಡಗೈ ಪೆಟ್ಟು,” ಎಂದಳು ಡ್ರೈವರನಿಗೆ. “ಗುರಿ ತಪ್ಪಿದ್ರೆ ನಿನ್ನ ಬೆರಳು ಹೋಗುತ್ತೆ. ಬಿಡು. ಆ ಕತ್ತರಿ ಕೊಡು ಇಲ್ಲಿ, ಅಣ್ಣನ ತೋಳು ಕಟ್ಟಬೇಕು.”

ಕೊಡತಿಯನ್ನು ತನ್ನ ಕಾಲ ಕೆಳಗೆ ಹಾಕಿಕೊಂಡಳು. ಬ್ಯಾನರ್ ಇಳಿಸಲು ಹೇಳಿ, ಕೂತಲ್ಲೇ, ಅಷ್ಟು ದಿನ ಕಣ್ಣು ನೋಯಿಸಿಕೊಂಡು ಹೊಲಿದದ್ದನ್ನು ಕರಕರ ಕತ್ತರಿಸಿದಳು. ಒಂದು ಪಟ್ಟಿ ಮಾಸ್ತರ ಹಣೆಗೆ, ಉಳಿದದ್ದು ಕಸಾಯಿಯ ತೋಳಿಗೆ ಜೋಲಿ. ಕೆಂಪು ದಾರ ಯಾವುದು, ರಕ್ತ ಯಾವುದು ಎಂದು ಹೇಳುವಂತಿರಲಿಲ್ಲ.

ಪೊಲೀಸರು ಬಂದು ಬಡಗಿಯನ್ನು ಹೊತ್ತುಕೊಂಡು ಹೋದರು. ದವಡೆ ಮುರಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರಲ್ಲೊಬ್ಬ ನನ್ನನ್ನೂ ಇಸ್ತ್ರಿಪೆಟ್ಟಿಗೆಯನ್ನೂ ನೋಡಿ, “ಅಜ್ಜಿ, ನಾಳೆ ಠಾಣೆಗೆ ಬನ್ನಿ,” ಎಂದ. ಪೆಟ್ಟಿಗೆಯನ್ನು ಅವನೇ ತೆಗೆದುಕೊಂಡು ಹೋದ.

ಕಸಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಡ್ರೈವರ್ ಎಬ್ಬಿಸಿದರೆ ಅವನು ಏಳಲೊಲ್ಲ. “ಬೆಳಗಿನ ಜಾವ ಎದ್ದು ಕತ್ತರಿಸಿರೋ ಕುರಿ ಅದು. ಎರಡು ತುತ್ತು ತಿನ್ನದೆ ನಾನು ಬರಲ್ಲ.” ನೋವಿಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಮೂವತ್ತನೇ ವರ್ಷಕ್ಕೆ ಎಲ್ಲರೂ ಬರಿಗೈಲಿ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಮೊದಲು ನಕ್ಕವರು ಮಾಸ್ತರು. ಆಮೇಲೆ ನಾವೆಲ್ಲ ನಕ್ಕೆವು.

ನೆಲದ ಮೇಲಿನ ರಕ್ತವನ್ನು ದಾಟಿಕೊಂಡು ಕಸಾಯಿಯ ಹೆಂಡತಿ ತಟ್ಟೆ ಹಂಚಿದಳು. ನಾನು ನನ್ನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕಿಟ್ಟೆ. ತಂಗಿ ತನ್ನ ಬೆಂಚಿನಲ್ಲೇ ಕೂತು, ಎಡಗೈಯಲ್ಲಿ ನಿಧಾನವಾಗಿ ಕಲಸಿ, ತಟ್ಟೆಯಲ್ಲಿ ಒಂದಗುಳೂ ಉಳಿಯದಂತೆ ಉಂಡಳು. ಇನ್ನೂ ಬಡಿಸಲೇ ಎಂದು ಕೇಳಿದ್ದಕ್ಕೆ ಬಡಿಸು ಎಂದಳು.